ನೋಟದ ಲೆಕ್ಕದಲ್ಲಿ ನೋಡುವವರನ್ನೂ ಬರೆದುಕೊಳ್ಳುವ ಬಗೆ

‘ವಿಜ್ಞಾನ ವಸ್ತುನಿಷ್ಠ, ಕಲೆ ವ್ಯಕ್ತಿನಿಷ್ಠ’ ಎಂಬ ವಾಕ್ಯವನ್ನು ಬೆಂಗಳೂರಿನ ಪದವಿ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನಾನು ಎಷ್ಟು ಬಾರಿ ಓದಿದ್ದೇನೆಂದರೆ, ಈಗ ಅದು ಕಂಡೊಡನೆ ಕೆಂಪು ಪೆನ್ನು ತಾನಾಗಿಯೇ ಕೈಗೆ ಬರುತ್ತದೆ. ವಾಕ್ಯ ಪೂರ್ತಿ ತಪ್ಪೆಂದು ಹೇಳಲಾರೆ. ಆದರೆ ಅದನ್ನು ಬರೆದ ಮರುಕ್ಷಣದಿಂದ ವಿದ್ಯಾರ್ಥಿ ನೋಡುವುದನ್ನು ನಿಲ್ಲಿಸಿಬಿಡುತ್ತಾನೆ. ಮುಂದಿನ ನಾಲ್ಕು ಪುಟಗಳು ಆ ವಾಕ್ಯವನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತವೆ. ನಮ್ಮ ನಮ್ಮ ನೋಟ ನಮ್ಮ ತಿಳಿವಳಿಕೆಯನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ಸಿದ್ಧಾಂತದಿಂದ ತಿಳಿಯುವುದಕ್ಕಿಂತ ಅರ್ಧ ದಿನದ ಅಭ್ಯಾಸದಿಂದ ತಿಳಿಯುವುದು ಸುಲಭ. ಆ ಅಭ್ಯಾಸವನ್ನು, ಮತ್ತು ಅದರ ಫಲವನ್ನು ಬರವಣಿಗೆಗೆ ಇಳಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮತ್ತು ನಿಮ್ಮಂತೆ ಯೋಚಿಸದ ಇಬ್ಬರು. ಕೊನೆಯದೇ ಕಷ್ಟದ್ದು, ಏಕೆಂದರೆ ನಾವು ಸಾಮಾನ್ಯವಾಗಿ ನಮ್ಮ ಓದು, ನಮ್ಮ ಕಸುಬು, ನಮ್ಮ ಬಡಾವಣೆಯವರ ಜೊತೆಯಲ್ಲೇ ಸುತ್ತಾಡುತ್ತೇವೆ. ಒಂದೇ ತರಗತಿಯ ಮೂವರು ಹೋದರೆ ಈ ಅಭ್ಯಾಸದಿಂದ ಪ್ರಯೋಜನವಿಲ್ಲ. ಮೂರು ನೋಟ್‌ಬುಕ್ಕುಗಳಲ್ಲಿ ಒಂದೇ ಪುಟವಿರುತ್ತದೆ.

ಸ್ಥಳವಾಗಿ ನಾನು ಲಾಲ್‌ಬಾಗಿನ ಬಂಡೆಯನ್ನು ಸೂಚಿಸುತ್ತೇನೆ. ತುದಿಯಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಪುಟದ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ಕಂಡದ್ದು’ ಎಂದೂ ಬಲಕ್ಕೆ ‘ನಾನು ಸೇರಿಸಿದ್ದು’ ಎಂದೂ ತಲೆಬರಹ ಕೊಡಿ. ಮೂವರೂ ಒಂದೇ ಜಾಗದಲ್ಲಿ ಕುಳಿತು, ಪರಸ್ಪರ ಮಾತನಾಡದೆ, 20 ನಿಮಿಷ ಬರೆಯಿರಿ. ಮೊಬೈಲ್ ಚೀಲದಲ್ಲಿರಲಿ. ಅವಧಿ ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ಅದಲುಬದಲು ಮಾಡಿಕೊಳ್ಳಿ, ಮತ್ತು ಇನ್ನೊಬ್ಬರ ಎಡಭಾಗದಲ್ಲಿರುವ ಯಾವ ಸಾಲು ನಿಜವಾಗಿ ಬಲಭಾಗಕ್ಕೆ ಸೇರಬೇಕಾದದ್ದು ಎಂದು ಗುರುತು ಹಾಕಿ. ನಿಮ್ಮ ಪುಟವನ್ನು ನೀವೇ ತಿದ್ದಬಾರದು. ಅದೇ ಈ ಅಭ್ಯಾಸದ ಮುಖ್ಯ ನಿಯಮ.

ನಾನು ಮೊದಲ ಸಲ ಹೋದಾಗ ನನ್ನ ಜೊತೆ ಇದ್ದವರು ಚಿತ್ರಕಲೆ ಓದುವ ಒಬ್ಬ ಹುಡುಗಿ ಮತ್ತು ಮನೆಗಳಿಗೆ ಗ್ರಾನೈಟ್ ಹಾಕುವ ಕೆಲಸ ಮಾಡುವ ಒಬ್ಬ ಪರಿಚಿತರು. ಹುಡುಗಿಯ ಎಡಭಾಗದಲ್ಲಿ ಬಣ್ಣಗಳೇ ತುಂಬಿದ್ದವು: ಬಂಡೆ ಬೂದು ಬಣ್ಣದ್ದಲ್ಲ, ಇಳಿಬಿಸಿಲಿಗೆ ತುಸು ಗುಲಾಬಿ, ಮಳೆನೀರು ಹರಿದ ಕಡೆ ಇದ್ದಿಲಿನ ಕಪ್ಪು, ಅಂಗೈಯಿಟ್ಟರೆ ಇನ್ನೂ ಬಿಸಿ. ಗ್ರಾನೈಟ್ ಕೆಲಸದವರು ಮಾಸಲು ಪಟ್ಟೆ ಮತ್ತು ಕಪ್ಪು ಪಟ್ಟೆಗಳು ಎಲ್ಲಿ ಬಾಗಿವೆ, ಎಲ್ಲಿ ಬಿರುಕು ಹೋಗಿದೆ, ಉಳಿ ಇಟ್ಟರೆ ಕಲ್ಲು ಯಾವ ಕಡೆಗೆ ಸೀಳುತ್ತದೆ ಎಂಬುದನ್ನು ಸಣ್ಣ ಚಿತ್ರದೊಂದಿಗೆ ಬರೆದಿದ್ದರು. ನನ್ನ ಪುಟ ಅವರ ಕೈಗೆ ಹೋಯಿತು. ಎಡಭಾಗದ ಮೊದಲ ಸಾಲಿನಲ್ಲಿಯೇ ‘300 ಕೋಟಿ ವರ್ಷ ಹಳೆಯ ನೈಸ್ ಶಿಲೆ’ ಎಂದಿತ್ತು (ನೈಸ್ ಎಂದರೆ ಪಟ್ಟೆಪಟ್ಟೆಯಾಗಿರುವ ಒಂದು ಬಗೆಯ ಕಲ್ಲು). ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ‘ಮೇಷ್ಟ್ರೇ, ಮುನ್ನೂರು ಕೋಟಿ ವರ್ಷ ನಿಮಗೆ ಎಲ್ಲಿ ಕಾಣಿಸ್ತು?’ ಎಂದು ಕೇಳಿದರು. ನನಗೆ ಅದು ಕಂಡಿರಲಿಲ್ಲ. ಬರುವ ದಾರಿಯಲ್ಲಿ ಫಲಕದ ಮೇಲೆ ಓದಿದ್ದೆ. ಪಟ್ಟೆಗಳನ್ನು ನಾನು ಗಮನಿಸಿಯೇ ಇರಲಿಲ್ಲ, ಆದರೆ ಕಲ್ಲಿನ ಚರಿತ್ರೆಯನ್ನು ಓದುವುದಕ್ಕೆ ಭೂವಿಜ್ಞಾನಿ ಮೊದಲು ನೋಡುವುದು ಆ ಪಟ್ಟೆಗಳನ್ನೇ. ಆ ದಿನ ಮೂವರಲ್ಲಿ ವಿಜ್ಞಾನಕ್ಕೆ ಹತ್ತಿರವಾಗಿ ನೋಡಿದವರು ಗ್ರಾನೈಟ್ ಹಾಕುವವರೇ ಎಂದು ಒಪ್ಪಿಕೊಳ್ಳದೆ ಗತಿಯಿರಲಿಲ್ಲ.

ಗುರುತು ಹಾಕಿದ ಮೇಲೆ ಬಲಭಾಗವನ್ನು ಅಳಿಸಿಹಾಕಬೇಕೆಂದು ಹೊಸಬರಿಗೆ ಅನ್ನಿಸುತ್ತದೆ. ಅಳಿಸಬಾರದು. ಅದೇಕೆಂಬುದನ್ನು ತೋರಿಸಿಕೊಟ್ಟದ್ದು ಖಗೋಳವಿಜ್ಞಾನದ ಒಂದು ಹಳೆಯ ಪ್ರಸಂಗ. ಗ್ರೀನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದೊಳಗೆ ಬಿಗಿದ ತಂತಿಯನ್ನು ದಾಟುವ ಗಳಿಗೆಯನ್ನು, ಕಣ್ಣಿನಲ್ಲಿ ನಕ್ಷತ್ರವನ್ನೂ ಕಿವಿಯಲ್ಲಿ ಗಡಿಯಾರದ ಬಡಿತವನ್ನೂ ಹಿಡಿದುಕೊಂಡು ಸೆಕೆಂಡಿನ ಹತ್ತನೆಯ ಭಾಗದವರೆಗೆ ಅಂದಾಜು ಮಾಡಬೇಕಾಗಿತ್ತು. ಅಲ್ಲಿನ ಮುಖ್ಯಸ್ಥ ಮ್ಯಾಸ್ಕೆಲಿನ್, ತನ್ನ ಸಹಾಯಕ ಕಿನ್ನೆಬ್ರೂಕ್ ತನಗಿಂತ ಸುಮಾರು 0.8 ಸೆಕೆಂಡು ತಡವಾಗಿ ದಾಖಲಿಸುತ್ತಿದ್ದಾನೆಂದು ಕಂಡು, 1796ರಲ್ಲಿ ಆತನನ್ನು ಕೆಲಸದಿಂದ ಬಿಡಿಸಿದ. ಕೆಲವು ದಶಕಗಳ ನಂತರ ಕೋನಿಗ್ಸ್‌ಬರ್ಗಿನ ಖಗೋಳವಿಜ್ಞಾನಿ ಬೆಸೆಲ್ ಈ ದಾಖಲೆಯನ್ನು ಓದಿದಾಗ ಅವನಿಗೆ ಬೇರೆ ಪ್ರಶ್ನೆ ಹೊಳೆಯಿತು: ತಪ್ಪು ಸಹಾಯಕನದೇ ಎಂದು ಯಾರು ಹೇಳಿದರು? 1820ರ ದಶಕದಲ್ಲಿ ಅವನು ತನ್ನನ್ನೂ ಇತರ ನುರಿತ ವೀಕ್ಷಕರನ್ನೂ ಹೋಲಿಸಿ ನೋಡಿದಾಗ ಯಾವ ಇಬ್ಬರ ದಾಖಲೆಯೂ ಒಂದೇ ಆಗಿರಲಿಲ್ಲ. ಇದಕ್ಕೆ ‘ವೈಯಕ್ತಿಕ ಸಮೀಕರಣ’ ಎಂಬ ಹೆಸರು ಬಂದಿತು. ಅಂದಿನಿಂದ ಖಗೋಳವಿಜ್ಞಾನಿಗಳು ನೋಡುವವನನ್ನು ಮನೆಗೆ ಕಳುಹಿಸುವ ಬದಲು ಅವನ ವ್ಯತ್ಯಾಸವನ್ನು ಅಳೆದು ಲೆಕ್ಕದಲ್ಲಿ ಸೇರಿಸತೊಡಗಿದರು. ನಿಮ್ಮ ಪುಟದ ಬಲಭಾಗ ನಿಮ್ಮ ವೈಯಕ್ತಿಕ ಸಮೀಕರಣ. ನಾಲ್ಕಾರು ಕಡೆ ಇದೇ ಅಭ್ಯಾಸ ಮಾಡಿದರೆ, ನೀವು ಎಲ್ಲಿ ಹೋದರೂ ಸೇರಿಸುವ ವಸ್ತು ಒಂದೇ ಬಗೆಯದೆಂದು ಕಾಣುತ್ತದೆ. ನನ್ನದು ಫಲಕದ ಜ್ಞಾನ. ಕೆಲವರದು ದೂರು, ಕೆಲವರದು ಬಾಲ್ಯದ ನೆನಪು.

ಎರಡನೆಯ ಕೆಲಸ ಪ್ರಶ್ನೆಗೆ ಸಂಬಂಧಿಸಿದ್ದು. ಉತ್ತರ ಹುಡುಕುವ ಮೊದಲು, ‘ಈ ಪ್ರಶ್ನೆ ನನಗೇ ಏಕೆ ಹೊಳೆಯಿತು?’ ಎಂದು ಒಂದು ಪ್ಯಾರಾ ಬರೆಯಿರಿ. ವಿಜ್ಞಾನದಲ್ಲಿ ವ್ಯಕ್ತಿಯ ನೋಟ ಅತ್ಯಂತ ಬಲವಾಗಿ ಕೆಲಸ ಮಾಡುವುದು ಅಳತೆಯ ಹೊತ್ತಿನಲ್ಲಲ್ಲ, ಅದಕ್ಕೆ ಬಹಳ ಮೊದಲು, ಯಾವುದು ಅಳೆಯಲು ಯೋಗ್ಯವೆಂದು ತೀರ್ಮಾನಿಸುವ ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ. ಸಿ.ವಿ. ರಾಮನ್ ಅವರ ಮೃದಂಗದ ಅಧ್ಯಯನ ಇದಕ್ಕೆ ನನಗೆ ತಿಳಿದ ಅತ್ಯುತ್ತಮ ನಿದರ್ಶನ. ಒಂದೇ ದಪ್ಪದ, ವೃತ್ತಾಕಾರದ ಚರ್ಮವನ್ನು ಬಿಗಿದು ಬಾರಿಸಿದರೆ ಹುಟ್ಟುವ ಎರಡನೆಯ ಕಂಪನ ಮೂಲ ಕಂಪನದ 1.59ರಷ್ಟಿರುತ್ತದೆ, ಎರಡರಷ್ಟಲ್ಲ, ಮುಂದಿನವೂ ಹೀಗೆಯೇ ಹೊಂದಾಣಿಕೆಯಿಲ್ಲದ ಅಂಕಿಗಳು. ಸ್ಪಷ್ಟವಾದ ಸ್ವರ ಕೇಳಬೇಕಾದರೆ ಅವು ಎರಡು, ಮೂರು ಎಂಬ ಪೂರ್ಣ ಪಟ್ಟುಗಳಾಗಿರಬೇಕು. ಆದ್ದರಿಂದ ಯುರೋಪಿನ ಧ್ವನಿಶಾಸ್ತ್ರ ಚರ್ಮವಾದ್ಯವನ್ನು ಸ್ವರಕ್ಕಿಂತ ಸದ್ದಿಗೆ ಹತ್ತಿರವಾದದ್ದೆಂದು ಎಣಿಸಿತ್ತು. ಕಛೇರಿಯಲ್ಲಿ ಮೃದಂಗವನ್ನು ಗಾಯಕರ ಶ್ರುತಿಗೆ ಸೇರಿಸುವುದನ್ನು ಕೇಳಿ ಬೆಳೆದವರಿಗೆ ಆ ಮಾತು ಕಿವಿಗೆ ಹೊಂದುವುದಿಲ್ಲ. ರಾಮನ್ 1920ರಲ್ಲಿ ಸಹಲೇಖಕರೊಬ್ಬರೊಂದಿಗೆ ಈ ಬಗ್ಗೆ ಮೊದಲು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಇಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಪ್ರಕಟಿಸಿದರು. ಚರ್ಮದ ಮೇಲೆ ಮರಳು ಉದುರಿಸಿ, ಅದು ಗೆರೆಗಳಾಗಿ ನಿಲ್ಲುವ ಬಗೆಯನ್ನು ನೋಡಿ, ನಡುವೆ ಹಚ್ಚಿದ ಕಪ್ಪು ಕರಣೆಯ ಭಾರದಿಂದಾಗಿ ಚರ್ಮದ ಒಂಬತ್ತು ಕಂಪನ ವಿಧಗಳು ಐದು ಹೊಂದಾಣಿಕೆಯ ಸ್ವರಗಳಾಗಿ ಗುಂಪುಗೂಡುತ್ತವೆ ಎಂದು ತೋರಿಸಿದರು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಪ್ರಶ್ನೆ ಒಂದು ಕಿವಿಯಿಂದ, ಒಂದು ಊರಿನ ಸಂಗೀತದಿಂದ ಬಂದಿತು. ಆದರೆ ಉತ್ತರ ಮರಳಿನ ಗೆರೆಗಳಲ್ಲಿತ್ತು; ಕರ್ನಾಟಕ ಸಂಗೀತವನ್ನು ಕೇಳಿಯೇ ಇರದವರೂ ಅದನ್ನು ಪರೀಕ್ಷಿಸಬಹುದಾಗಿತ್ತು. ಹಾಗೆಯೇ, ಕರಣೆಯನ್ನು ಪದರ ಪದರವಾಗಿ ಹಚ್ಚಿ, ಪ್ರತಿ ಪದರಕ್ಕೂ ತಟ್ಟಿ ಕೇಳಿ, ಸಾಲದಿದ್ದರೆ ಮತ್ತೆ ಉಜ್ಜುವ ಮೃದಂಗದ ಕುಶಲಕರ್ಮಿಗೆ ಆ ಐದು ಸ್ವರಗಳ ವಿಷಯ ಸಮೀಕರಣವಿಲ್ಲದೆಯೂ ಕೈಯಲ್ಲಿ ತಿಳಿದಿತ್ತು. ಅದನ್ನು ಜ್ಞಾನವೆಂದು ಕರೆಯಲು ಹಿಂಜರಿಯುವವರ ಜೊತೆ ನಾನು ವಾದಕ್ಕೆ ಸಿದ್ಧ.

ಪ್ರಶ್ನೆಯನ್ನು ಹುಟ್ಟಿಸಿದ ಆಸೆಯೇ ಉತ್ತರವನ್ನೂ ಬರೆಯತೊಡಗಿದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಬ್ಲಾಂಡ್ಲೊ 1903ರಲ್ಲಿ ಪ್ರಕಟಿಸಿದ ‘ಎನ್ ಕಿರಣ’ಗಳೇ ಸಾಕ್ಷಿ. ಹಲವರು ಅವನ್ನು ಕಂಡೆವೆಂದರು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಶಾಲೆಗೆ ಹೋಗಿ, ಕಿರಣಗಳನ್ನು ಬಿಡಿಸಿ ತೋರಿಸಬೇಕಾಗಿದ್ದ ಪಟ್ಟಕವನ್ನೇ ಕತ್ತಲೆಯಲ್ಲಿ ಸದ್ದಿಲ್ಲದೆ ತೆಗೆದರೂ ಅಲ್ಲಿನವರಿಗೆ ಅವು ಕಾಣುತ್ತಲೇ ಇದ್ದವು. ಅಂಥ ಕಿರಣಗಳೇ ಇರಲಿಲ್ಲ. ಆದ್ದರಿಂದ ನಿಮ್ಮ ಬರಹದ ಮೊದಲ ಓದುಗರು ನಿಮ್ಮ ಆಸೆಯನ್ನು ಹಂಚಿಕೊಳ್ಳದವರಾಗಿರಲಿ.

ಮೂರನೆಯ ಕೆಲಸ, ಹೆಸರುಗಳನ್ನು ಕೆದಕಿ ನೋಡುವುದು. ನಿಮ್ಮ ಟಿಪ್ಪಣಿಯಲ್ಲಿರುವ ನಾಮಪದಗಳನ್ನು ಗುರುತಿಸಿ, ಪ್ರತಿಯೊಂದೂ ಎಲ್ಲಿಂದ ಎರವಲು ಬಂದಿತೆಂದು ಕೇಳಿಕೊಳ್ಳಿ. ಕಣಜಗಳ ಗೂಡಿನಲ್ಲಿ ಮೊಟ್ಟೆ ಇಡುವ ಹೆಣ್ಣನ್ನು ‘ರಾಣಿ’ ಎಂದು ಕರೆದ ಕೂಡಲೇ ದರ್ಪ, ಆಜ್ಞೆ, ದಂಡನೆಗಳು ನಮ್ಮ ಮನಸ್ಸಿನಲ್ಲಿ ಆಸ್ಥಾನ ಹೂಡುತ್ತವೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ರೋಪಾಲಿಡಿಯಾ ಮಾರ್ಜಿನೇಟಾ ಎಂಬ, ನಮ್ಮ ಕಿಟಕಿ ಸೂರುಗಳಲ್ಲೇ ಗೂಡು ಕಟ್ಟುವ ಕಣಜವನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಪ್ರತಿಯೊಂದು ಕಣಜಕ್ಕೂ ಬಣ್ಣದ ಚುಕ್ಕೆಯ ಗುರುತು ಹಾಕಿ, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆಂದು ಬರೆದುಕೊಂಡು, ಆ ಅಂಕಿಗಳನ್ನೇ ಗುಂಪಾಗಲು ಬಿಟ್ಟಾಗ, 1983ರ ಪ್ರಬಂಧದಲ್ಲಿ ಮೂರು ವರ್ಗಗಳು ಹೊರಬಂದವು: ಕೂರುವವು, ಕಾದಾಡುವವು, ಆಹಾರ ತರುವವು. ರಾಣಿ ಕಾದಾಡುವವರ ಗುಂಪಿನಲ್ಲಿರಲಿಲ್ಲ, ಸುಮ್ಮನೆ ಕೂರುವವರಲ್ಲಿದ್ದಳು. ಮೊದಲೇ ‘ರಾಣಿ ಹೇಗೆ ಆಳುತ್ತಾಳೆ’ ಎಂದು ನೋಡಲು ಹೊರಟಿದ್ದರೆ ಈ ಸಾಧು ಸ್ವಭಾವ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಹೆಸರಿನ ಮೋಸಕ್ಕೆ ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ನಗರದ ಅಂಚಿನ ಒಂದು ಕೆರೆಯ ಬಗ್ಗೆ ಲೇಖನ ಬರೆಯುವಾಗ, ಜೊಂಡು ಮುಚ್ಚಿದ, ವಾಸನೆ ಬರುವ ಆ ನೀರನ್ನು ನೋಡಿ ‘ಈ ಕೆರೆ ಸತ್ತಿದೆ’ ಎಂದು ಬರೆದುಕೊಂಡಿದ್ದೆ. ಕೆರೆಯಂಚಿನಲ್ಲಿ ಕುಡುಗೋಲು ಹಿಡಿದು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ, ಪಕ್ಕದಲ್ಲಿ ಒಂದು ಹಿಡಿ ಹೊನಗೊನ್ನೆ ಸೊಪ್ಪನ್ನೂ ಕಟ್ಟಿಟ್ಟುಕೊಂಡಿದ್ದ ಹೆಂಗಸಿನೊಡನೆ ಮಾತನಾಡುತ್ತಾ ಆ ವಾಕ್ಯವನ್ನು ಹೇಳಿದೆ. ‘ಸತ್ತಿದ್ರೆ ನಮ್ಮ ಹಸ ಏನ್ ತಿಂತಿತ್ತು ಸಾರ್?’ ಎಂದರು ಆಕೆ, ಕೊಯ್ಯುವುದನ್ನು ನಿಲ್ಲಿಸದೆಯೇ. ‘ಸತ್ತ ಕೆರೆ’ ಎಂಬುದು ನಾನು ಕಂಡದ್ದಲ್ಲ, ಹತ್ತಾರು ವರದಿಗಳಿಂದ ನನ್ನ ಕೈಗೆ ಬಂದ ನಾಮಪದ. ಹಾಗೆಂದು ಆಕೆಯ ಮಾತಿನಿಂದ ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣ ಹೆಚ್ಚುವುದಿಲ್ಲ. ಆ ನೀರಿನಲ್ಲಿ ಬೆಳೆದ ಸೊಪ್ಪನ್ನು ತಿನ್ನುವುದು ಎಷ್ಟು ಕ್ಷೇಮ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ‘ಎಲ್ಲರ ನೋಟವೂ ಅವರವರಿಗೆ ಸರಿ’ ಎಂದು ಕೈತೊಳೆದುಕೊಳ್ಳುವುದು ಉದಾರತೆಯಂತೆ ಕಂಡರೂ ನಿಜದಲ್ಲಿ ಸೋಮಾರಿತನ.

ಈ ತೊಡಕಿನಿಂದ ಹೊರಬರಲು ಜೈನ ತಾರ್ಕಿಕರ ಒಂದು ಸಾಧನವನ್ನು ನಾನು ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಪಂಪ, ರನ್ನರ ನಾಡಿನಲ್ಲಿ ಇದನ್ನು ಹೊರಗಿನಿಂದ ತಂದದ್ದೆಂದು ಯಾರೂ ಹೇಳಲಾರರು. ಒಂದು ಕಡೆಯಿಂದ ನೋಡುವ ನೋಟಕ್ಕೆ ಅವರು ‘ನಯ’ ಎನ್ನುತ್ತಾರೆ. ಇತರ ನೋಟಗಳನ್ನು ಅಲ್ಲಗಳೆಯುವ ನಯ ‘ದುರ್ನಯ’. ಯಾವ ದೃಷ್ಟಿಯಿಂದ ಎಂಬುದನ್ನು ಒಪ್ಪಿಕೊಂಡು ಆಡುವ ಮಾತು ‘ಪ್ರಮಾಣ’. 12ನೇ ಶತಮಾನದ ಹೇಮಚಂದ್ರ ಈ ಮೂರನ್ನೂ ವಾಕ್ಯರಚನೆಯ ವ್ಯತ್ಯಾಸವಾಗಿಯೇ ತೋರಿಸಿದ್ದಾನೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿ ಸ್ಯಾದ್ವಾದಕ್ಕೂ (‘ಒಂದು ದೃಷ್ಟಿಯಿಂದ’ ಎಂದು ಸೇರಿಸಿಯೇ ಮಾತಾಡುವ ಈ ಜೈನ ಕ್ರಮಕ್ಕೂ) ತಮ್ಮ ಶಾಸ್ತ್ರದ ತಳಹದಿಗೂ ಇರುವ ಹೋಲಿಕೆಯನ್ನು ಚರ್ಚಿಸಿದ್ದರು. ನಿಮ್ಮ ಪ್ರಬಂಧದ ಮುಖ್ಯ ವಾಕ್ಯವನ್ನು ಮೂರು ಬಗೆಯಲ್ಲಿ ಬರೆದು ನೋಡಿ. ‘ಈ ಕೆರೆ ಸತ್ತೇ ಹೋಗಿದೆ.’ ‘ಈ ಕೆರೆ ಸತ್ತಿದೆ.’ ‘ಮೀನುಗಳ ದೃಷ್ಟಿಯಿಂದ, ಕರಗಿದ ಆಮ್ಲಜನಕದ ಅಳತೆಯ ಪ್ರಕಾರ, ಈ ಕೆರೆ ಸತ್ತಿದೆ.’ ಮೂರನೆಯದು ಉದ್ದವಾಯಿತು, ನಿಜ. ಆದರೆ ಅದನ್ನು ಮಾತ್ರ ಪರೀಕ್ಷಿಸಬಹುದು, ಮತ್ತು ಅದರ ಪಕ್ಕದಲ್ಲಿ ಹುಲ್ಲು ಕೊಯ್ಯುವವರ ವಾಕ್ಯವನ್ನೂ ಜಗಳವಿಲ್ಲದೆ ಇಡಬಹುದು.

ಜನರ ಬದುಕನ್ನು ಕುರಿತು ಬರೆಯುವವರು ಇದಕ್ಕೆ ಇನ್ನೊಂದು ಸಾಲನ್ನು ಸೇರಿಸಬೇಕು: ಯಾರ ಮನೆಯ ಜಗಲಿಯಿಂದ ನೋಡಿದೆ? ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ ವಾಸವಿದ್ದು ಕ್ಷೇತ್ರಕಾರ್ಯ ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರ ಸಂಸ್ಕರಿತ ಟಿಪ್ಪಣಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ಪುಸ್ತಕ 1976ರಲ್ಲಿ ಹೊರಬಂದಿತು. ಅದರಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು, ತಾನು ಬ್ರಾಹ್ಮಣನೆಂಬ ಕಾರಣಕ್ಕೆ, ಪಟೇಲರ ಆಶ್ರಯದಲ್ಲಿದ್ದ ಕಾರಣಕ್ಕೆ, ಊರು ತನಗೆ ಮೇಲಿನ ಜಾತಿಗಳ ಕಡೆಯಿಂದ ಕಂಡಿತೆಂಬ ಅವರ ಒಪ್ಪಿಗೆ. ಆ ಒಪ್ಪಿಗೆ ಇರುವುದರಿಂದಲೇ, ಕೇರಿಯ ಕಡೆಯಿಂದ ಅದೇ ಊರು ಹೇಗೆ ಕಂಡೀತೆಂದು ಕೇಳಲು ಓದುಗನಿಗೆ ದಾರಿ ಸಿಗುತ್ತದೆ.

ಕಲೆಯ ವಿಷಯಕ್ಕೆ ಬಂದರೆ, ಬಲಭಾಗವನ್ನು ಕಳೆಯುವ ಪ್ರಶ್ನೆಯೇ ಇಲ್ಲವೆಂದು ಕೆಲವರು ಹೇಳುತ್ತಾರೆ. ಪೂರ್ತಿ ಒಪ್ಪಲಾರೆ. ಸಂಗೀತದಲ್ಲಿ ಒಂದೇ ಕೀರ್ತನೆಯನ್ನು ಇಬ್ಬರು ಬೇರೆಯಾಗಿ ಹಾಡಿದರೆ ರಸಿಕರು ‘ಇಷ್ಟಬಂದಂತೆ ಹಾಡಿದರು’ ಎನ್ನುವುದಿಲ್ಲ. ಯಾರ ಪಾಠಾಂತರ ಎಂದು ಕೇಳುತ್ತಾರೆ. ಯಕ್ಷಗಾನದಲ್ಲಿ ಒಂದೇ ಪ್ರಸಂಗ ತೆಂಕಿನಲ್ಲಿ ಒಂದು, ಬಡಗಿನಲ್ಲಿ ಇನ್ನೊಂದು. ಅಂದರೆ ಕಲೆಯಲ್ಲೂ ನೋಟಕ್ಕೆ ವಿಳಾಸವಿದೆ, ಶಿಸ್ತಿದೆ. ಪ್ರಬಂಧದಲ್ಲಿ ‘ಕಲಾವಿದರ ವೈಯಕ್ತಿಕ ದೃಷ್ಟಿ’ ಎಂದು ತೇಲಿಸಿ ಬರೆಯುವ ಬದಲು ಆ ವಿಳಾಸವನ್ನು ಬರೆಯಿರಿ.

ಎರಡೂ ಕ್ಷೇತ್ರಗಳು ಒಂದೇ ಕಡೆ ಸೇರುವ ಉದಾಹರಣೆ ಬೇಕಾದವರು ಬೆಂಗಳೂರಿನ ಗವಿಪುರದ ಗುಹಾಲಯಕ್ಕೆ ಹೋಗಬಹುದು. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬೀಳುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಭಕ್ತರಿಗೆ ಅದು ವರ್ಷಕ್ಕೊಮ್ಮೆ ಬರುವ ಗಳಿಗೆ. ಆದರೆ ಸೂರ್ಯ ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನೆಂದು ಬಲ್ಲವರು ಬೆರಳೆಣಿಸುತ್ತಾರೆ: ಜನವರಿ 14 ಆ ದಿನದಿಂದ 24 ದಿನ ಮುಂದೆ, ಹಾಗಾದರೆ 24 ದಿನ ಹಿಂದೆ, ನವೆಂಬರ್ ಕೊನೆಯಲ್ಲಿ, ಸೂರ್ಯ ಅದೇ ದಾರಿಯಲ್ಲಿ ಇದ್ದಿರಲೇಬೇಕು. ಬೆಂಗಳೂರಿನ ಸಂಶೋಧಕರು ನೋಡಿದಾಗ ಆ ದಿನಗಳಲ್ಲೂ ಬೆಳಕು ಲಿಂಗದ ಮೇಲೆ ಬೀಳುತ್ತಿತ್ತು, ಉತ್ಸವವಿಲ್ಲದೆ. 1792ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬಿಡಿಸಿದ ಗುಡಿಯ ಚಿತ್ರಗಳನ್ನು ಅವರು ಇಂದಿನ ಕಟ್ಟಡದೊಂದಿಗೆ ಹೋಲಿಸಿ, ನಂತರ ಸೇರಿದ ಗೋಡೆಗಳನ್ನೂ ಗುರುತಿಸಿದರು. ಚಂದಕ್ಕಾಗಿ ಬರೆದ ಚಿತ್ರ ಹೀಗೆ ದಾಖಲೆಯಾಯಿತು. ಚಿತ್ರಕಾರರು ಚೆಲುವಿಗಾಗಿ ಏನನ್ನಾದರೂ ಬಿಟ್ಟಿರಬಹುದೇ ಎಂಬ ಪ್ರಶ್ನೆಯನ್ನು ಎಡ-ಬಲಗಳ ಗೆರೆ ಎಳೆಯಲು ಕಲಿತವರು ಅಲ್ಲಿಯೂ ಕೇಳಬೇಕು.

ಬರವಣಿಗೆಗೆ ಕೂರುವಾಗ ಎಡಭಾಗದ ಸಾಲುಗಳಿಂದ ಆರಂಭಿಸಿ. ಬಲಭಾಗದ್ದನ್ನು, ಅದು ವಾದಕ್ಕೆ ಬೇಕಾದಲ್ಲಿ ಮಾತ್ರ, ‘ನಾನು’ ಎಂಬ ಕರ್ತೃಪದದೊಂದಿಗೆ ತನ್ನಿ. ‘ಎಂದು ಕಂಡುಬರುತ್ತದೆ’ ಎಂಬ ಕರ್ತೃವಿಲ್ಲದ ಕ್ರಿಯಾಪದದ ಹಿಂದೆ ಅಡಗಿಕೊಳ್ಳಬೇಡಿ. ಕಂಡವರು ಯಾರೆಂದು ಪಕ್ಕದಲ್ಲಿ ಪೆನ್ಸಿಲಿನಿಂದ ಕೇಳುವುದು ನನ್ನ ಅಭ್ಯಾಸ. ಲಾಲ್‌ಬಾಗಿಗೆ ಹೋಗುವುದಾದರೆ ಸಂಜೆ ನಾಲ್ಕು ದಾಟಿದ ಮೇಲೆ ಹೋಗಿ, ಅದಕ್ಕೆ ಮೊದಲು ಬಂಡೆಯ ಮೇಲೆ ಕೂರಲಾಗದಷ್ಟು ಕಾವಿರುತ್ತದೆ. ಫಲಕವನ್ನು ಹಿಂದಿರುಗುವಾಗ ಓದಿ.